ಬಾಸ್ಕೆಟ್‌ಬಾಲ್ ಯಾವ ಸೀಮೆಯ ಬೆಳೆ

ಆರಡಿ ದಾಟಿ ಬೆಳೆದ ಮನುಷ್ಯ ಕಂಡರೆ ಅವನ ಹೆಸರು ಕೇಳುವ ಮೊದಲು ಊರು ಕೇಳುವ ಜನರ ನಡುವೆ ನಾನು ಇಪ್ಪತ್ತು ವರ್ಷ ನೌಕರಿ ಮಾಡಿದೆ. ಹೀಗಾಗಿ ಇಂಥ ಪ್ರಸಂಗಗಳನ್ನು ನಾನು ಹುಡುಕಬೇಕಾಗಲಿಲ್ಲ, ಅವೇ ನನ್ನ ಮೇಜಿನ ತನಕ ನಡೆದು ಬರುತ್ತಿದ್ದವು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಮ್ಮಪ್ಪ ಗುಲಬರ್ಗಾ ಕಡೆಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಪುಣೆಗೆ ಬಂದವರು. ನಾನು ಅಲ್ಲಿನ ಕ್ಯಾಂಪ್ ಅನ್ನುವ ಬಡಾವಣೆಯ ಒಂದು ಶಾಲೆಯಲ್ಲಿ ಓದಿದೆ. ಅಲ್ಲಿ ಕ್ರಿಕೆಟ್ ಆಡುವಷ್ಟು ಜಾಗ ಇರಲಿಲ್ಲ, ಎರಡು ಬಾಸ್ಕೆಟ್‌ಬಾಲ್ ಕಂಬ ಇದ್ದವು. ಅದಕ್ಕೇ ಬಾಸ್ಕೆಟ್‌ಬಾಲ್ ಆಡಿದೆ. ನನ್ನ ಎತ್ತರ ಐದಡಿ ಐದಿಂಚು. ಪುಣೆಯದೇ ಹಡಪಸರದ ಒಂದು ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತನ ಕೆಲಸಕ್ಕೆ ಅರ್ಜಿ ಹಾಕುವಾಗ, ಹವ್ಯಾಸ ಅನ್ನುವ ಸಾಲು ಖಾಲಿ ಬಿಡಬಾರದಲ್ಲ ಅಂತ ಆ ಆಟದ ಹೆಸರು ಬರೆದೆ. ಕೆಲಸಕ್ಕೆ ಸೇರಿದ ಮರುದಿನವೇ ಕಾರ್ಖಾನೆ ತಂಡದ ಕೋಚ್ ಆದೆ. 'ಓದುವುದು' ಅಂತ ಬರೆದಿದ್ದರೆ ಲೈಬ್ರರಿ ಕೊಡುತ್ತಿದ್ದರು, ಆಯುಷ್ಯವೆಲ್ಲ ನೆರಳಿನಲ್ಲಿ ಕಳೆಯುತ್ತಿತ್ತು.

ಆ ಕಾಲಕ್ಕೆ ನಮ್ಮಲ್ಲಿ ವೃತ್ತಿಪರ ಆಟಗಾರ ಅಂದರೆ ಆಟದ ಮೇಲೆ ಕಾರ್ಖಾನೆಯ ನೌಕರಿ ಹಿಡಿದವನು. ನೌಕರಿ ಖಾಯಂ ಆಗುವ ತನಕ ಆಡುತ್ತಿದ್ದ, ಖಾಯಂ ಆದ ವಾರದಲ್ಲಿ ಅವನಿಗೆ ಮೊಣಕಾಲು ನೋವು ಶುರುವಾಗುತ್ತಿತ್ತು. ಇಂಥವರನ್ನು ಆರಿಸುವವರು ನಮ್ಮ ಪರ್ಸನಲ್ ಮ್ಯಾನೇಜರ್ ಸಾಹೇಬರು. ಪುಣೆಯ ಹಳೇ ಪೇಠೆಯವರು. ಸ್ವತಃ ಯಾವ ಆಟವನ್ನೂ ಆಡಿದವರಲ್ಲ, ಆದರೆ ಯಾವ ಆಟಗಾರ ಯಾವ ನೆಲದಲ್ಲಿ ಬೆಳೆಯುತ್ತಾನೆ ಅನ್ನುವುದು ಅವರಿಗೆ ಬಾಯಿಪಾಠ ಇತ್ತು. ಅವರು ಆಡುತ್ತಿದ್ದುದು ಮರಾಠಿ. ನಾನು ಇಲ್ಲಿ ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಪಂಜಾಬದ ನೆಲ

ತೊಂಬತ್ತರ ದಶಕದ ಶುರುವಿನಲ್ಲಿ ಕಾರ್ಖಾನೆಗಳ ನಡುವೆ ಒಂದು ಟೂರ್ನಿ ನಡೆಯುತ್ತಿತ್ತು. ಒಂದು ವರ್ಷ ನಮ್ಮ ತಂಡ ಎಷ್ಟು ಕೆಟ್ಟದಾಗಿ ಸೋತಿತೆಂದರೆ, ಸ್ಕೋರು ಬರೆಯುವವನು ಅರ್ಧ ಪಂದ್ಯದ ಮೇಲೆ ನಮ್ಮ ಕಾಲಂ ಕಡೆ ನೋಡುವುದನ್ನೇ ಬಿಟ್ಟಿದ್ದ. ಮರುದಿನ ಸಾಹೇಬರು ಕರೆಸಿದರು.

"ನಿಮ್ಮ ಹುಡುಗರ ತಪ್ಪಲ್ಲ, ನೆಲದ ತಪ್ಪು. ಬಾಸ್ಕೆಟ್‌ಬಾಲ್ ಆಡವ್ರು ಪಂಜಾಬದಾಗ ಹುಟ್ಟತಾರ. ಗೋಧಿ, ಹಾಲು, ತುಪ್ಪ. ಒಬ್ಬ ಸರ್ದಾರಜೀನ್ನ ಹುಡುಕ್ರಿ."

ಹುಡುಕುವ ಪ್ರಸಂಗ ಬರಲಿಲ್ಲ. ಪತ್ರಿಕೆಯಲ್ಲಿ ಕಂಪನಿ ಕೊಟ್ಟ ಜಾಹೀರಾತು ನೋಡಿ ಒಬ್ಬರು ತಾವೇ ಬಂದರು. ಆರಡಿ ಐದಿಂಚು, ಅದರ ಮೇಲೆ ಪಗಡಿ. ಅವರು ಬಾಗಿಲಲ್ಲಿ ಬಗ್ಗಿ ಒಳಗೆ ಬಂದದ್ದನ್ನು ನೋಡಿದವರೇ ಸಾಹೇಬರು ಸಹಿ ಹಾಕಲು ಪೆನ್ನು ತೆಗೆದರು.

"ಪಂಜಾಬದಾಗ ಯಾವ ಊರು?" ಅಂತ ಹಿಂದಿಯಲ್ಲಿ ಕೇಳಿದರು.

ಅವರು ಸಾಹೇಬರಿಗಿಂತ ಅಚ್ಚ ಮರಾಠಿಯಲ್ಲಿ, "ಇಲ್ಲೇ ಕ್ಯಾಂಪು, ಸಾಹೇಬ. ಅಜ್ಜನ ಕಾಲದಿಂದ ನಮ್ಮ ಅರಿವಿ ಅಂಗಡಿ ಅದ" ಅಂದರು.

"ಅದಿರಲಿ. ಮೂಲ ಎಲ್ಲಿ?"

"ಮೂಲ ಅಂದ್ರ, ಅಂಗಡಿ ಹಿಂದ ಮನಿ."

ಸಾಹೇಬರು ಅರ್ಜಿಯಲ್ಲಿ 'ಪಂಜಾಬ' ಅಂತ ತಾವೇ ತಿದ್ದಿಕೊಂಡರು. ಆಟದ ಬಗ್ಗೆ ಪ್ರಶ್ನೆಯೇ ಬರಲಿಲ್ಲ.

ಮೊದಲ ದಿನ ಅಂಗಳಕ್ಕೆ ಬಂದ ಸರ್ದಾರರು ಚೆಂಡನ್ನು ಕಲ್ಲಂಗಡಿ ಹಣ್ಣು ಹಿಡಿದ ಹಾಗೆ ಹಿಡಿದುಕೊಂಡು ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಮುಂದ ಖರೇ ಹೇಳ್ತೀನಿ. ನಾ ಜೀವನದಾಗ ಆಡಿದ್ದು ಕೇರಂ ಒಂದೇ. ಜಾಹೀರಾತಿನಾಗ ಎತ್ತರ ಬೇಕು ಅಂತ ಇತ್ತು. ಎತ್ತರ ನನ್ನ ಕಡೆ ಅದ."

ಅವರನ್ನು ಆಡಿಸದೆ ಬಿಡುವ ಹಾಗಿರಲಿಲ್ಲ. ಪಂದ್ಯದ ದಿನ ಸಾಹೇಬರು ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತಿದ್ದರು. ನಾನು ಸರ್ದಾರರಿಗೆ ಹೇಳಿದ್ದು ಇಷ್ಟೇ: ಎದುರಾಳಿಯ ರಿಂಗಿನ ಹತ್ತಿರ, ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಗೆರೆ ಹಾಕಿದ ಜಾಗದ ಹೊರಗೆ, ಎರಡೂ ಕೈ ಮೇಲೆತ್ತಿ ನಿಲ್ಲಿರಿ, ಯಾರು ಏನು ಕೊಟ್ಟರೂ ಇಸಗೋಬೇಡಿ. ಅವರು ಹಾಗೇ ನಿಂತರು. ಎದುರಾಳಿಗಳು ಆ ಕೈ ನೋಡಿ ಗಾಬರಿಯಾಗಿ ಇಬ್ಬರನ್ನು ಕಾವಲು ಹಾಕಿದರು. ಪಂದ್ಯ ಮುಗಿಯುವ ತನಕ ಆ ಇಬ್ಬರು ಸರ್ದಾರರನ್ನು ಬಿಟ್ಟು ಕದಲಲಿಲ್ಲ. ನಮ್ಮ ನಾಲ್ವರಿಗೆ ಎದುರು ಉಳಿದವರು ಮೂವರೇ. ನಾವು ಗೆದ್ದೆವು. ಸರ್ದಾರರು ಚೆಂಡನ್ನು ಒಂದು ಸಲವೂ ಮುಟ್ಟಿರಲಿಲ್ಲ.

ಸಾಹೇಬರು ಎದ್ದು ಬಂದು, ಬೆನ್ನು ತಟ್ಟಲು ಕೈ ಎಟುಕದೆ ಮೊಣಕೈ ತಟ್ಟಿ, "ನೋಡ್ರಿ, ಇದು ಪಂಜಾಬದ ನೆಲದ ಗುಣ. ಏನ್ ಬೇಕು ಕೇಳ್ರಿ" ಅಂದರು.

ಸರ್ದಾರರು ಸಂಕೋಚಪಡುತ್ತ ಹೇಳಿದರು: "ಎಂಟು ದಿನ ರಜಾ ಕೊಡ್ರಿ, ಸಾಹೇಬ. ಒಮ್ಮೆ ಹೋಗಿ ಪಂಜಾಬ ಹೆಂಗದ ಅಂತ ನೋಡಿ ಬರ್ತೀನಿ."

ಮೀನಿನ ಬಲ

ನಮ್ಮ ಕ್ಯಾಂಟೀನಿನ ಗುತ್ತಿಗೆದಾರರು ಕುಂದಾಪುರ ಕಡೆಯವರು. ಕ್ಯಾಂಪಿನಲ್ಲಿ ಅವರದೇ ಒಂದು ಹೋಟೆಲೂ ಇತ್ತು. ಎಲ್ಲರೂ ಅವರನ್ನು ಅಣ್ಣ ಅನ್ನುತ್ತಿದ್ದರು. ಪಂಜಾಬದ ಹೊಗಳಿಕೆ ದಿನಾ ಊಟದ ಹೊತ್ತಿಗೆ ಅವರ ಕಿವಿಗೆ ಬಿದ್ದು ಬಿದ್ದು ಒಂದು ದಿನ ಸಾರಿನ ಸೌಟು ಕೆಳಗಿಟ್ಟರು.

"ಎಂತದು ಮಾರಾಯ್ರೆ ಪಂಜಾಬ್ ಪಂಜಾಬ್ ಅಂತ. ಗೋಧಿ ತಿಂದ್ರೆ ಹೊಟ್ಟೆ ಬೆಳೀತದೆ, ಎಲುಬು ಬೆಳೆಯುದಿಲ್ಲ. ಎಲುಬಿಗೆ ಮೀನೇ ಬೇಕು. ನಮ್ಮ ಕರಾವಳಿಯಲ್ಲಿ ಹುಟ್ಟಿದವನಿಗೆ ಬಾಸ್ಕೆಟ್‌ಬಾಲ್ ಕಲಿಸುದೇ ಬೇಡ."

"ಹಂಗಾದ್ರ ಒಬ್ಬರನ್ನ ಕೊಡ್ರಿ ಅಣ್ಣ" ಅಂದೆ.

ಕೊಟ್ಟರು, ಸ್ವಂತ ಅಕ್ಕನ ಮಗನನ್ನೇ. ಆರಡಿ ಎರಡಿಂಚು. ಮಂಗಳೂರಿನ ಕಾಲೇಜಿನಲ್ಲಿ ನಿಜವಾಗಿ ಆಡಿದವನು. ಆಮೇಲೆ ಎಂಟು ವರ್ಷ ಮಾವನ ಹೋಟೆಲಿನಲ್ಲಿ ಸಪ್ಲೈ ಮಾಡಿದ್ದ. ಅವನನ್ನು ಅಂಗಳದಲ್ಲಿ ನೋಡಿ ನನಗೆ ಕಣ್ಣು ತಂಪಾಯಿತು. ತುಂಬಿದ ಹೋಟೆಲಿನಲ್ಲಿ ಕೈಯ ಮೇಲೆ ಐದು ತಟ್ಟೆ ಇಟ್ಟುಕೊಂಡು ಮೇಜುಗಳ ಸಂದಿಯಲ್ಲಿ ನುಸುಳಿದವನಿಗೆ ಐದು ಜನರ ನಡುವೆ ಒಂದು ಚೆಂಡು ಒಯ್ಯುವುದು ಏನು ಮಹಾ. ಅವನನ್ನು ಇಳಿಸಿದ ಮೊದಲ ಪಂದ್ಯದಲ್ಲಿ ಮಧ್ಯಂತರದ ತನಕ ನಾವೇ ಮುಂದಿದ್ದೆವು.

ಮಧ್ಯಂತರದ ನಂತರ ಎದುರಾಳಿಯ ಆಟಗಾರನೊಬ್ಬ ಶೂ ಲೇಸು ಬಿಚ್ಚಿಹೋಗಿದೆ ಅಂತ ಅಂಪೈರಿಗೆ ತೋರಿಸಲು ಕೈ ಎತ್ತಿದ. ನಮ್ಮವನು ಸೀದಾ ಅವನ ಕೈಗೆ ಚೆಂಡು ಕೊಟ್ಟ. ಗಡಿಬಿಡಿಯಲ್ಲಿ ತಪ್ಪಾಯಿತು ಅಂದುಕೊಂಡೆವು. ಎರಡು ನಿಮಿಷದಲ್ಲಿ ಇನ್ನೊಬ್ಬ ಬೆವರು ಒರೆಸಲು ಕೈ ಎತ್ತಿದ. ಅವನಿಗೂ ಕೊಟ್ಟ. ಅಷ್ಟೊತ್ತಿಗೆ ಎದುರಾಳಿಗಳಿಗೆ ಗುಟ್ಟು ತಿಳಿಯಿತು. ಆಮೇಲೆ ಐದೂ ಜನ ಕೈ ಎತ್ತಿಕೊಂಡೇ ಓಡಾಡಿದರು. ನಮ್ಮವನು ಯಾರಿಗೂ ಬೇಜಾರು ಮಾಡಲಿಲ್ಲ, ಒಬ್ಬೊಬ್ಬರಿಗೆ ಸರದಿಯ ಪ್ರಕಾರ ಮುಟ್ಟಿಸಿದ.

ನಾನು ಟೈಮ್ ಔಟ್ ಕೇಳಿ ಕರೆದೆ. "ಅವರು ನಮ್ಮವರಲ್ಲೋ ಮಾರಾಯ. ಯಾಕ ಕೊಡ್ಲಿಕ್ಕತ್ತಿ?"

"ಗೊತ್ತುಂಟು ಸರ್. ಆದ್ರೆ ಅವ್ರು ಆಗಿನಿಂದ ಕೈ ಎತ್ತಿ ನಿಂತಿದ್ರು. ಕಾಯಿಸುದು ಸರಿಯಲ್ಲ ಅಲ್ವಾ?"

ಸೋತು ಬಂದು ಕ್ಯಾಂಟೀನಿನಲ್ಲಿ ಅಣ್ಣನಿಗೆ ವರದಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಸ್ವಲ್ಪವೂ ಅಳುಕದೆ ಹೇಳಿದರು: "ಆಟ ಹೋಗ್ಲಿ ಮಾರಾಯ್ರೆ. ಸರ್ವಿಸಿನಲ್ಲಿ ಒಂದು ತಪ್ಪು ತೋರ್ಸಿ ನೋಡುವ."

ಅಮೆರಿಕದ ಗುಟ್ಟು

ಇದಾದ ಎರಡು ವರ್ಷಕ್ಕೆ ಕಂಪನಿ ನಮ್ಮ ಸಾಹೇಬರನ್ನು ಮೂರು ವಾರದ ತರಬೇತಿಗೆ ಅಮೆರಿಕಕ್ಕೆ ಕಳಿಸಿತು. ತರಬೇತಿಯಲ್ಲಿ ಏನು ಕಲಿತು ಬಂದರೋ ಯಾರಿಗೂ ಹೇಳಲಿಲ್ಲ. ಬಾಸ್ಕೆಟ್‌ಬಾಲ್ ಬಗ್ಗೆ ಮಾತ್ರ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂಡಿಸಿ, ಗೋಡೆಗೆ ನಕಾಶೆ ಅಂಟಿಸಿ, ಒಂದು ತಾಸು ಭಾಷಣ ಮಾಡಿದರು.

"ಇಲ್ಲಿ ನೋಡ್ರಿ, ಇವು ಮೆಕ್ಕೆಜೋಳ ಬೆಳೆಯೋ ರಾಜ್ಯ. ಇಲ್ಲಿನ ರೈತರು ಕೊಟ್ಟಿಗಿ ಗ್ವಾಡಿಗೆ ರಿಂಗ್ ಬಡದಿರ್ತಾರ. ಆಟಗಾರರು ಇಲ್ಲಿಂದ ಬರ್ತಾರ. ಇತ್ಲಾಗ ದೊಡ್ಡ ಶಹರಗಳು, ಇಲ್ಲಿ ಗಲ್ಲಿ ಗಲ್ಲಿಗೂ ರಿಂಗ್. ಇಲ್ಲಿಂದಾನೂ ಬರ್ತಾರ. ಉಳಿದ ಕಡೆ ಬರಂಗಿಲ್ಲ. ಎಲ್ಲಾ ನೆಲದ ಗುಣ."

"ಇಷ್ಟೆಲ್ಲಾ ತಿರುಗಿ ನೋಡಿದ್ರೇನ್ರಿ?" ಅಂತ ನಾನು ಕೇಳಿದೆ.

"ರೂಮಿನಾಗ ಟಿವಿ ಇತ್ತು" ಅಂದರು.

ಹಿಂದಿನ ಬೆಂಚಿನಿಂದ ಯೂನಿಯನ್ ಲೀಡರ್ ಎದ್ದು ನಿಂತರು. ನಮ್ಮ ಕಾರ್ಖಾನೆಯ ಅಂಗಳ ಬರೀ ಮಣ್ಣಿನದು. ಮಳೆಗಾಲದಲ್ಲಿ ಚೆಂಡು ಪುಟಿಯುವುದು ದೂರದ ಮಾತು, ಬಿದ್ದಲ್ಲೇ ಹೂತುಕೊಳ್ಳುತ್ತಿತ್ತು. "ಸಾಹೇಬ, ಅಲ್ಲೆ ಕೋರ್ಟು ಮಣ್ಣಿಂದೋ, ಸಿಮೆಂಟಿಂದೋ?"

"ಸಿಮೆಂಟು. ಕೆಲವು ಕಡೆ ಕಟ್ಟಿಗಿದು."

"ಹಂಗಾದ್ರ ನೀವು ನೆಲದ ಗುಣ ಅಂದದ್ದು ಖರೇ ಅದ" ಅಂದು ಕೂತರು.

ಇಡೀ ಕ್ಯಾಂಟೀನು ನಕ್ಕಿತು. ಆ ನಗುವಿನಿಂದಲೇ ಸಿಮೆಂಟಿನ ಕೋರ್ಟು ಮಂಜೂರಾಯಿತು. ಕಟ್ಟಲು ಬಂದವರು ನಮ್ಮ ಸೇಡಂ ಕಡೆಯ ಮೇಸ್ತ್ರಿ. ಸಾಹೇಬರು ಅವರ ಕೈಗೆ ಕೊಟ್ಟದ್ದು ಒಂದೇ ಚೀಟಿ: ರಿಂಗು ಹತ್ತು ಅಡಿ ಮೇಲಿರಬೇಕು.

ಕೋರ್ಟು ತಯಾರಾದ ದಿನದಿಂದ ಒಂದು ಪವಾಡ ಶುರುವಾಯಿತು. ಹಿಂದೆ ಬಸ್ಸಿನ ಮೆಟ್ಟಿಲು ಹತ್ತಲು ಉಸ್ಸೆನ್ನುತ್ತಿದ್ದವರು ಹಾರಿ ಹೋಗಿ ರಿಂಗು ಹಿಡಿದು ಜೋತಾಡತೊಡಗಿದರು. ನಾನೂ ಒಮ್ಮೆ ಹಾರಿದೆ, ಬಲೆ ಕೈಗೆ ಸಿಕ್ಕಿತು. ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡೆ ಕೂಡ. ಸಾಹೇಬರು ಮುಂಬೈಯ ಮುಖ್ಯ ಕಚೇರಿಗೆ ವರದಿ ಬರೆದರು: ಅಮೆರಿಕದ ಪದ್ಧತಿ ಅಳವಡಿಸಿದ ಒಂದೇ ತಿಂಗಳಲ್ಲಿ ನಮ್ಮ ಕಾರ್ಮಿಕರು ಒಂದು ಅಡಿ ಹೆಚ್ಚು ಎತ್ತರಕ್ಕೆ ಹಾರುತ್ತಿದ್ದಾರೆ.

ಆಮೇಲೆ ಪಕ್ಕದ ಕಾರ್ಖಾನೆಯ ತಂಡ ಸ್ನೇಹದ ಪಂದ್ಯಕ್ಕೆ ಬಂತು. ಅವರ ಕೋಚ್ ರಿಂಗಿನ ಕೆಳಗೆ ನಿಂತು ಒಮ್ಮೆ ಮೇಲೆ ನೋಡಿ, "ಇದು ಸಣ್ಣ ಹುಡುಗರ ಕೋರ್ಟೇನ್ರಿ?" ಅಂದರು. ಟೇಪು ತರಿಸಿ ಅಳೆದೆವು. ಒಂಬತ್ತು ಅಡಿ.

ಮೇಸ್ತ್ರಿಯನ್ನು ಕರೆಸಿದೆವು. ಅವರು ಒಂದಿಷ್ಟೂ ಕಕ್ಕಾಬಿಕ್ಕಿಯಾಗಲಿಲ್ಲ. "ನೀವು ಹೇಳ್ದಂಗ ಮೊದಲ ಹತ್ತು ಫೂಟಿಗೆ ರಿಂಗ್ ನಿಂದರ್ಸೀನ್ರಿ. ಆಮ್ಯಾಗ ನೀವೇ, ಮಳಿ ನೀರು ನಿಂದರ್ತದ, ಮಣ್ಣು ತುಂಬಿ ಭರಾವ ಹಾಕ್ರಿ ಅಂದ್ರಿ. ಭರಾವು, ಸಿಮೆಂಟು ಕೂಡಿ ನೆಲ ಒಂದು ಫೂಟ್ ಮ್ಯಾಲ ಬಂತು. ರಿಂಗೇನ್ ಕೆಳಗ ಇಳದಿಲ್ರಿ, ಇದ್ದಲ್ಲೇ ಅದ."

ನಾನು ರಿಂಗು ಏರಿಸಲು ಏಣಿ ತರಿಸಿದೆ. ಸಾಹೇಬರು ನನ್ನ ತೋಳು ಹಿಡಿದು ನಿಲ್ಲಿಸಿದರು. ಮುಖ್ಯ ಕಚೇರಿಯಿಂದ ಅಭಿನಂದನೆಯ ಪತ್ರ ಬಂದಿತ್ತು. "ಮುಂದಿನ ವಾರ ಮುಂಬೈದವರು ನೋಡ್ಲಿಕ್ಕೆ ಬರ್ತಾರ. ಅಲ್ಲೀ ತನಕ ಹಿಂಗೇ ಹಾರಲಿ ಬಿಡ್ರಿ."

ಐಟಿಯವರ ತಯಾರಿ

ಇದು ಚಿಕ್ಕದು. ಎರಡು ಸಾವಿರದ ಇಸವಿ ದಾಟಿದ ಮೇಲೆ ಹಡಪಸರದಲ್ಲಿ ಗಾಜಿನ ಕಟ್ಟಡಗಳು ಎದ್ದವು, ಅವುಗಳ ತುಂಬ ಬೆಂಗಳೂರಿನ ಹುಡುಗರು ಬಂದರು. ಅವರ ಕಂಪನಿಯ ತಂಡ ನಮ್ಮ ಜೊತೆ ಆಡಲು ಕೇಳಿತು. ಅವರ ಕ್ಯಾಪ್ಟನ್ ನನ್ನ ಕೈ ಕುಲುಕಿ, "ಸಾರ್, ಆಕ್ಚುಯಲಿ ಇಂಡಿಯಾದಲ್ಲಿ ಬಾಸ್ಕೆಟ್‌ಬಾಲ್ ಅಂದ್ರೆ ಬೆಂಗ್ಳೂರೇ ಸಾರ್. ನಮ್ಮಲ್ಲಿ ಒಂದು ಕಲ್ಚರ್ ಇದೆ" ಅಂದ.

ಕಲ್ಚರ್ ಕಣ್ಣಿಗೆ ಕಾಣುವ ಹಾಗೆಯೇ ಇತ್ತು. ಒಬ್ಬೊಬ್ಬನಿಗೆ ಎರಡೆರಡು ಜೊತೆ ಶೂ, ತಲೆಗೊಂದು ಪಟ್ಟಿ, ಮುಂಗೈಗೊಂದು ಪಟ್ಟಿ. ನಮ್ಮ ಆಟದ ಹಳೆಯ ಪಂದ್ಯಗಳ ಲೆಕ್ಕವೆಲ್ಲ ಒಂದು ಲ್ಯಾಪ್‌ಟಾಪಿನಲ್ಲಿ. ಮುಕ್ಕಾಲು ತಾಸು ಕೈಕಾಲು ಸಡಿಲು ಮಾಡಿಕೊಂಡರು. ಆಟ ಶುರುವಾಗಿ ಹನ್ನೆರಡು ನಿಮಿಷ ಆಗಿತ್ತು, ಕ್ಯಾಪ್ಟನ್ನನ ಫೋನು ಹೊಡೆದುಕೊಂಡಿತು. ಐದೂ ಜನ ಬ್ಯಾಗು ಎತ್ತಿಕೊಂಡರು.

"ಸಾರಿ ಸಾರ್, ಅರ್ಜೆಂಟ್ ಕಾಲ್ ಇದೆ, ಎಲ್ರೂ ಹೋಗ್ಲೇಬೇಕು. ಬಟ್ ಟ್ರೆಂಡ್ ನೋಡಿದ್ರೆ ನಾವೇ ವಿನ್ ಆಗ್ತಿದ್ವಿ" ಅಂತ ಹೇಳಿ ಹೊರಟರು. ಆಗ ಸ್ಕೋರು ಇಪ್ಪತ್ತಾರು-ನಾಲ್ಕು. ಇಪ್ಪತ್ತಾರು ನಮ್ಮದು.

ಇಟ್ಟಂಗಿ

ಇಷ್ಟು ಹೊತ್ತು ಬೇರೆಯವರನ್ನು ನೋಡಿ ನಕ್ಕೆ. ಈಗ ಖರೇ ಹೇಳಬೇಕಂದರೆ ನನ್ನ ಹೊಟ್ಟೆಯಲ್ಲೂ ಒಂದು ಸಿದ್ಧಾಂತ ಇತ್ತು. ಜೋಳದ ರೊಟ್ಟಿ ತಿಂದು, ಬಿಸಿಲಲ್ಲಿ ಕಾಯ್ದು ಬೆಳೆದ ನಮ್ಮ ಗುಲಬರ್ಗಾ ಸೀಮೆಯ ಮೈಕಟ್ಟು ಇನ್ನೆಲ್ಲೂ ಇಲ್ಲ ಅಂತ. ಯಾರ ಮುಂದೂ ಬಾಯಿ ಬಿಡುತ್ತಿರಲಿಲ್ಲ, ಯಾಕೆಂದರೆ ನನ್ನ ಐದಡಿ ಐದಿಂಚು ಎಲ್ಲರ ಕಣ್ಣ ಮುಂದೆ ಇತ್ತು.

ಕಂಪನಿ ಪುಣೆಯ ಹೊರಗಿನ ರಾಂಜಣಗಾಂವದಲ್ಲಿ ಹೊಸ ಕಾರ್ಖಾನೆ ತೆರೆಯಿತು. ಸಾಹೇಬರು ಅಲ್ಲಿಗೆ ಜನರಲ್ ಮ್ಯಾನೇಜರ್ ಆದರು, ನನ್ನನ್ನೂ ಕರೆದುಕೊಂಡರು. ಅಲ್ಲಿ ಪ್ಯಾಕಿಂಗ್ ವಿಭಾಗದಲ್ಲಿ ಹೆಣ್ಣುಮಕ್ಕಳು ಹೆಚ್ಚು. ಅವರದೇ ಒಂದು ತಂಡ ಮಾಡಬೇಕು ಅಂತ ಹುಕುಂ ಆಯಿತು. ನಾಲ್ಕು ಜನ ಸಿಕ್ಕರು, ಐದನೆಯವರು ಸಿಗಲಿಲ್ಲ. "ಕೇರಳದಿಂದ ಒಬ್ಬಾಕಿನ್ನ ತರಿಸೋಣ, ಹೆಣ್ಣುಮಕ್ಕಳ ಆಟ ಅಂದ್ರ ಕೇರಳ" ಅಂದರು ಸಾಹೇಬರು.

ಅದೇ ವಾರ ಅಭ್ಯಾಸದ ಹೊತ್ತಿನಲ್ಲಿ ಚೆಂಡು ಬೇಲಿ ಹಾರಿ ಪಕ್ಕದಲ್ಲಿ ಏಳುತ್ತಿದ್ದ ಗೋದಾಮಿನ ಕಡೆ ಹೋಯಿತು. ಅಲ್ಲಿ ಒಬ್ಬ ಹೆಣ್ಣುಮಗಳು ಕೆಳಗೆ ನಿಂತು ಮೇಲಿನ ಅಂತಸ್ತಿಗೆ ಇಟ್ಟಂಗಿ ಒಗೆಯುತ್ತಿದ್ದಳು, ಮೇಲೆ ಅವಳ ಗಂಡ ಹಿಡಿದು ಪೇರಿಸುತ್ತಿದ್ದ. ಎರಡೆರಡು ಇಟ್ಟಂಗಿ ಒಟ್ಟಿಗೆ ಮೇಲೆ ಹೋಗಿ, ಗಾಳಿಯಲ್ಲಿ ಒಂದು ಗಳಿಗೆ ನಿಂತ ಹಾಗೆ ಮಾಡಿ, ಅವನ ಅಂಗೈಯಲ್ಲಿ ಕೂಡುತ್ತಿದ್ದವು. ಆಕೆ ಇಟ್ಟಂಗಿ ಕೆಳಗಿಟ್ಟು, ನಮ್ಮ ಚೆಂಡೆತ್ತಿ, ಅಷ್ಟು ದೂರದಿಂದ ಬೇಲಿಯ ಮೇಲೆ ಹಾಯಿಸಿ ನನ್ನ ಎದೆಗೆ ಸರಿಯಾಗಿ ಮುಟ್ಟಿಸಿದಳು.

ನಾನು ಬೇಲಿ ತನಕ ಓಡಿದೆ. "ಯಾವೂರವ್ವಾ ನಿಂದು?" ಬಾಯಿಂದ ಮೊದಲು ಬಂದದ್ದು ಅದೇ ಪ್ರಶ್ನೆ.

"ಶಹಾಪುರ ಬಾಜೂಕ ಒಂದು ಹಳ್ಳಿ ಐತ್ರಿ ಅಣ್ಣಾರ."

ನಮ್ಮದೇ ಗುಲಬರ್ಗಾ ಸೀಮೆ. ನನ್ನ ಎದೆ ಎರಡಿಂಚು ಉಬ್ಬಿತು. ಸಾಹೇಬರ ಹತ್ತಿರ ಹೋಗಿ ಹೇಳಿದೆ. ಅವರು ಕಡತದಿಂದ ತಲೆ ಎತ್ತಲಿಲ್ಲ. "ಆ ಕಡೆ ಆಟಗಾರರು ಎಲ್ಲಿ ಬರ್ತಾರ್ರಿ? ಆ ಕಡೆಯಿಂದ ಬರೋದು ಗೌಂಡಿಗಳು."

ಗೌಂಡಿಯ ಮಗನ ಮುಂದೆ ಆ ಮಾತು ಆಡಿದ್ದು ಅವರಿಗೆ ಹೊಳೆಯಲೂ ಇಲ್ಲ. ನಾನು ಯಾವತ್ತೂ ಅವರಿಗೆ ಎದುರಾಡಿದವನಲ್ಲ. ಅವತ್ತು ಮಾತ್ರ, "ಒಂದು ಟೂರ್ನಿ ಆಡ್ಲಿ ರೀ. ಸೋತ್ರ ಕೇರಳದಿಂದ ತರಸ್ರಿ, ನನಗೂ ಕೋಚ್ ಕೆಲಸ ಬ್ಯಾಡ. ಗೆದ್ರ ಆಕಿನ್ನ ಖಾಯಂ ಮಾಡ್ಕೋರಿ" ಅಂದೆ. ಹೂಂ ಅಂದರು.

ಆಕೆಯನ್ನು ಒಪ್ಪಿಸುವುದು ಇನ್ನೂ ಕಷ್ಟ ಆಯಿತು. "ಬುಟ್ಟಿ ಹೊರೋದಿರಂಗಿಲ್ರಿ?"

"ಇಲ್ಲ."

"ಸಿಮೆಂಟ್ ಕಲಸೋದು?"

"ಇಲ್ಲವ್ವಾ. ಪ್ಯಾಕಿಂಗ್ ಕೆಲಸ, ಸಂಜಿಕ ಚೆಂಡು ಒಗೆಯೋದು."

"ಒಗದಿದ್ದನ್ನ ಮ್ಯಾಲ ಯಾರು ಹಿಡೀತಾರ?"

"ಯಾರೂ ಹಿಡಿಯಂಗಿಲ್ಲ. ಬಲಿಯಾಗ ಹಾದು ಕೆಳಗ ಬೀಳ್ತದ."

ಆಕೆ ನನ್ನನ್ನು ದವಾಖಾನೆಗೆ ಕರೆದೊಯ್ಯಬೇಕಾದವನನ್ನು ನೋಡುವ ಹಾಗೆ ನೋಡಿದಳು. "ಕೆಳಗ ಬೀಳ್ಸಾಕ ಮ್ಯಾಲ ಯಾಕ್ರಿ ಒಗೀಬೇಕು?" ಗಂಡ ಮೇಲಿನಿಂದ, "ಹೋಗ್ಲೇ, ನೆರಳಾಗ ಕೆಲಸ ಐತಿ" ಅಂದ ಮೇಲೆ ಬಂದಳು.

ಟೂರ್ನಿ ಅಲ್ಲಿನ ಕಾರ್ಖಾನೆಗಳ ನಡುವೆಯೇ. ಆಕೆ ಓಡುತ್ತಿರಲಿಲ್ಲ. ಚೆಂಡು ಕೈಗೆ ಬಂದ ಜಾಗದಲ್ಲೇ ಕಾಲು ಅಗಲಿಸಿ ನಿಂತು, ಎರಡೂ ಕೈಯಿಂದ ಕೆಳಗಿನಿಂದ ಮೇಲಕ್ಕೆ ಒಗೆಯುತ್ತಿದ್ದಳು. ಅದು ನಿಯಮಕ್ಕೆ ಸರಿಯಾಗಿಯೇ ಇತ್ತು. ಆದರೆ ಪ್ರತಿ ಸಲ ಒಗೆಯುವಾಗ, ಮೂರನೇ ಅಂತಸ್ತಿಗೆ ಕೇಳಿಸುವಂಥ ದನಿಯಲ್ಲಿ, "ತಲೀ, ತಲೀ" ಅಂತ ಕೂಗುತ್ತಿದ್ದಳು. ಕಟ್ಟಡದ ಕೆಲಸದಲ್ಲಿ ಇಟ್ಟಂಗಿ ಜಾರಿದರೆ ಕೆಳಗಿದ್ದವರ ತಲೆ ಒಡೆಯುತ್ತದೆ, ಅದಕ್ಕೆ ಕೂಗಿ ಎಚ್ಚರಿಸುವ ರೂಢಿ. ಎದುರಾಳಿಗಳಿಗೆ ಕನ್ನಡ ಬಾರದು, ಆದರೆ ಆ ದನಿಯ ಅರ್ಥ ಯಾವ ಭಾಷೆಯವರಿಗೂ ಆಗುತ್ತಿತ್ತು. ಐದೂ ಜನ ತಲೆ ಮೇಲೆ ಕೈ ಇಟ್ಟುಕೊಂಡು ಕುಕ್ಕರಿಸುತ್ತಿದ್ದರು. ಚೆಂಡು ಸದ್ದಿಲ್ಲದೆ ಬಲೆಯಲ್ಲಿ ಇಳಿಯುತ್ತಿತ್ತು.

ಫೈನಲ್ಲಿನಲ್ಲಿ ಅಂಪೈರು ಆಟ ನಿಲ್ಲಿಸಿ ನನ್ನನ್ನು ಕರೆದರು. "ಆಕಿ ಏನು ಒದರ್ತಾಳ? ಬೈತಾಳೇನು?"

"ಬೈಯಂಗಿಲ್ರಿ. ತಲಿ ಜ್ವಾಕಿ ಅಂತಾಳ."

ಅಂಪೈರು ಜೇಬಿನಿಂದ ನಿಯಮದ ಪುಸ್ತಕ ತೆಗೆದು ಹಾಳೆ ತಿರುವಿದರು. ಬೈದರೆ ಶಿಕ್ಷೆ ಇತ್ತು, ಹೊಡೆದರೆ ಇತ್ತು, ತಳ್ಳಿದರೆ ಇತ್ತು. ಎದುರಾಳಿಯ ತಲೆಯ ಬಗ್ಗೆ ಕಾಳಜಿ ಮಾಡಿದರೆ ಏನು ಶಿಕ್ಷೆ ಅಂತ ಎಲ್ಲೂ ಇರಲಿಲ್ಲ. ಆಟ ಮುಂದುವರಿಯಿತು. ನಾವು ಗೆದ್ದೆವು.

ಮರುವಾರ ಮುಂಬೈ ಕಚೇರಿಯ ದೊಡ್ಡ ಸಾಹೇಬರೊಬ್ಬರು ಆಕೆಯನ್ನು ನೋಡಲೆಂದೇ ಬಂದರು. ನಮ್ಮ ಸಾಹೇಬರು ಖಾಯಂ ಮಾಡುವ ಕಾಗದಕ್ಕೆ ಅವರ ಮುಂದೆಯೇ ಸಹಿ ಹಾಕಿ, "ನಾನೇ ಗುರುತಿಸಿದ್ದು" ಅಂದರು. ದೊಡ್ಡ ಸಾಹೇಬರು ಡೈರಿ ತೆಗೆದು ನನಗೆ ಹೇಳಿದರು: "ಈಕೆ ಯಾವ ಸೀಮೆ, ಅಲ್ಲಿ ಈ ಆಟ ಹೇಗೆ ಬೆಳೆದಿದೆ, ವಿವರವಾಗಿ ಕೇಳಿ ಹೇಳಿ. ಅದೇ ಸೀಮೆಯಿಂದ ಇನ್ನೂ ಐದಾರು ಜನರನ್ನು ನೇರವಾಗಿ ಖಾಯಂ ತಗೋತೇವೆ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ಸಾಹೇಬರು ಪೆನ್ನು ಹಿಡಿದು ನಮ್ಮ ಸೀಮೆಯ ಹೆಸರಿಗೆ ಕಾಯುತ್ತಿದ್ದರು. ಅವರಿಗೆ ಹೇಳಲು ಜೋಳ, ಬಿಸಿಲು, ಭೀಮಾ ನದಿಯ ನೀರು ಎಲ್ಲ ನನ್ನ ನಾಲಿಗೆಯ ತುದಿಯಲ್ಲಿ ತಯಾರಿತ್ತು. ಆಕೆಯ ಕಡೆ ತಿರುಗಿ, "ಹೇಳವ್ವಾ, ನಮ್ಮ ಸೀಮ್ಯಾಗ ಸಣ್ಣಾಕಿದ್ದಾಗಿಂದ ಹಿಂಗ ಒಗೆಯೋದು ಕಲ್ತಿ ಅಲ್ಲಾ?" ಅಂತ ಸುಲಭ ಮಾಡಿ ಕೇಳಿದೆ.

ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು:

"ಇಲ್ರಿ ಅಣ್ಣಾರ, ಪುಣೇಕ ಬಂದ ಮ್ಯಾಲ ಕಲ್ತೆ. ನಮ್ಮೂರಾಗ ಮ್ಯಾಲಂತಸ್ತಿನ ಮನಿ ಒಂದೂ ಇಲ್ಲ, ಎಲ್ಲಿಗಂತ ಒಗೀಲ್ರಿ?"